ಬೀಗದಕ್ಕ ತೆಗೆಯದ ಬಾಗಿಲು

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಬೇಡಿ ಎಂದು ಬುದ್ಧಿ ಹೇಳುವವರು ಒಮ್ಮೆ ಬೀಗದ ಅಂಗಡಿ ಇಟ್ಟು ನೋಡಬೇಕು. ಬೀಗದವರಿಗೆ ಗೊತ್ತಿರುವ ನಂಬರಿನಿಂದ ಫೋನ್ ಬರುವುದೇ ಅಪರೂಪ. ಕೀ ಕಳೆದುಕೊಂಡವರು, ಗಾಳಿಗೆ ಬಾಗಿಲು ಬಡಿದುಕೊಂಡು ಹೊರಗುಳಿದವರು, ಒಲೆಯ ಮೇಲೆ ಹಾಲಿಟ್ಟು ಕಸ ಹಾಕಲು ಬಂದು ಸಿಕ್ಕಿಬಿದ್ದವರು, ಎಲ್ಲರೂ ಅವತ್ತೇ ಮೊದಲ ಸಲ ಫೋನ್ ಮಾಡುವವರು. ಇನ್ನೊಮ್ಮೆ ಮಾಡುವ ಗತಿ ಬಾರದಿರಲಪ್ಪಾ ಎಂದುಕೊಳ್ಳುವವರು. ಹಾಗಾಗಿ ಫೋನ್ ಬಡಿದುಕೊಂಡರೆ ಎತ್ತಲೇಬೇಕು. ಎತ್ತದಿದ್ದರೆ ಅವತ್ತಿನ ಅನ್ನ ಪಕ್ಕದ ಬೀದಿಯ ಬೀಗದವನ ಪಾಲು.

ಪೇಟೆಬೀದಿಯ ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಗೂಡಿನಲ್ಲಿ ಕೂರುತ್ತಿದ್ದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದುದು ಬೀಗದಕ್ಕ ಎಂದೇ. ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು ಮೊಳೆಗಳಲ್ಲಿ ತೂಗುತ್ತಿದ್ದವು. ಮುಂದೆ ಕೀ ಕೊರೆಯುವ ಮೆಷಿನ್, ಅರ, ಇಕ್ಕಳ, ಗ್ರೀಸಿನ ಡಬ್ಬಿ. ಅಂಗಡಿ ಗಂಡನದು. ಅವನು ಬದುಕಿದ್ದಾಗಲೇ ಅವಳಿಗೆ ಕೆಲಸ ಕಲಿಸಿದ್ದ, ಹೋಗುವಾಗ ತನ್ನ ಕೀ ಗೊಂಚಲನ್ನೂ ಒಂದು ಕಟ್ಟಪ್ಪಣೆಯನ್ನೂ ಬಿಟ್ಟು ಹೋಗಿದ್ದ. ಬೇರೆಯವರ ಬಾಗಿಲು ತೆಗೆಯಬೇಕಾದರೆ ಒಂದೋ ಆ ಮನೆಯವರು ಎದುರಿಗಿರಬೇಕು, ಇಲ್ಲವೇ ಕೋರ್ಟಿನ ಅಮೀನರು ಆದೇಶ ಹಿಡಿದು ನಿಂತಿರಬೇಕು. ಯಾರೇ ಇರಲಿ, ಅಕ್ಕಪಕ್ಕದವರನ್ನು ಕರೆದು ನಿಲ್ಲಿಸಿಕೊಂಡೇ ಬೀಗ ತೆಗೆಯುವ ಕಂಬಿಯನ್ನು ರಂಧ್ರಕ್ಕೆ ಹಾಕಬೇಕು. "ನಮಗೂ ಕಳ್ಳನಿಗೂ ಇರೋ ವ್ಯತ್ಯಾಸ ಇಷ್ಟೇ ಕಣೇ, ನಾವು ನಾಲ್ಕು ಜನರ ಮುಂದೆ ತೆಗೀತೀವಿ" ಎಂದು ಅವನು ನಗುತ್ತಿದ್ದ.

ಮನೆಯಲ್ಲಿ ಈಗ ಉಳಿದವರು ಅವಳು ಮತ್ತು ಅವಳ ಅತ್ತೆ. ಅತ್ತೆ ಎಂದರೆ ಅಂತಿಂಥ ಅತ್ತೆಯಲ್ಲ. ಮದುವೆ ಮನೆಯಲ್ಲಿ ಯಾರು ಯಾರಿಗೆ ಏನಂದರು, ಯಾವ ನಾದಿನಿ ಯಾವ ಮಾತಿಗೆ ಮುಖ ತಿರುವಿದಳು ಎಂಬುದನ್ನು ಇವತ್ತಿಗೂ ಅಕ್ಷರ ಬಿಡದೆ ಒಪ್ಪಿಸಬಲ್ಲವರು. ಸೊಸೆ ಹೊಸದಾಗಿ ಬಂದಾಗ ಬಾಯ್ತಪ್ಪಿ "ಈ ಮನೇಲಿ ಗಾಳಿಯೇ ಇಲ್ಲ" ಎಂದಿದ್ದಳು. ಅದನ್ನು ಪ್ರತಿ ಬೇಸಿಗೆಯಲ್ಲೂ ಅತ್ತೆ ಅವಳದೇ ಧ್ವನಿಯಲ್ಲಿ ಆಡಿ ತೋರಿಸುತ್ತಿದ್ದರು. ಇಂಥ ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದು, ಗೋಡೆ ತಡವಿಕೊಂಡು ಓಡಾಡುವಂತಾದಾಗ ಸೊಸೆಗೆ ನೋಡಲಾಗಲಿಲ್ಲ. ಜಗಳಕ್ಕೂ ಕಣ್ಣು ಬೇಕಲ್ಲ. ಆಪರೇಷನ್ನಿಗೆಂದು ಅವಳು ಸಾಲ ಕೊಡುವ ಕಂಪನಿಯೊಂದರಿಂದ ಫೋನಿನಲ್ಲೇ ಸಾಲ ತೆಗೆದಳು. ಕಂತುಗಳನ್ನು ಸರಿಯಾಗಿಯೇ ಕಟ್ಟುತ್ತ ಬಂದಳು. ಆಮೇಲೆ ಕೀ ಕೊರೆಯುವ ಮೆಷಿನ್ನಿನ ಮೋಟರು ಸುಟ್ಟಿತು. ಹೊಸ ಮೋಟರಿಗೆ ಕೈಯಲ್ಲಿದ್ದುದು ಹೋಯಿತು, ಕಂತು ತಪ್ಪಿತು.

ಆವತ್ತಿನಿಂದ ಶುರುವಾಯಿತು ನೋಡಿ. ಬೆಳಕು ಹರಿಯುವ ಮೊದಲೇ ಫೋನು, ಊಟಕ್ಕೆ ಕೂತರೆ ಫೋನು, ದೀಪ ಆರಿಸಿ ಮಲಗಿದ ಮೇಲೂ ಫೋನು. ಪ್ರತಿ ಸಲ ಹೊಸ ನಂಬರು. ಗಿರಾಕಿಯಿರಬಹುದು ಎಂದು ಎತ್ತಿದರೆ ಅದೇ ಧ್ವನಿ. ಆ ಧ್ವನಿಯಾದರೂ ಎಂಥದ್ದು! ಕೂಗಾಟವಿಲ್ಲ, ಗುಡುಗಿಲ್ಲ. ಬ್ಯಾಂಕಿನವರು ಮಾತಾಡುವ ಹಾಗೆ ನಯವಾಗಿ, "ಮೇಡಂ" ಎಂದು ಶುರುಮಾಡಿ, ಹೆಣ್ಣುಮಕ್ಕಳ ಮುಂದೆ ಆಡಬಾರದ ಮಾತನ್ನೆಲ್ಲ ಅಷ್ಟೇ ನಯವಾಗಿ ಆಡಿ, ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳುತ್ತಿತ್ತು. ಅತ್ತೆ ಅವನಿಗೆ ಇಟ್ಟ ಹೆಸರು ಅರ್ಥಾಯ್ತಾ ಮಹಾಶಯ. ಮೊದಮೊದಲು ಇಬ್ಬರೂ ಆ ಹೆಸರು ಹೇಳಿಕೊಂಡು ನಗುತ್ತಲೂ ಇದ್ದರು.

ನಗು ನಿಂತದ್ದು ಅವನು ಅವಳ ಕಸುಬಿಗೆ ಕೈ ಹಾಕಿದಾಗ. "ನಿಮ್ಮ ಫೋನಲ್ಲಿರೋ ನಂಬರೆಲ್ಲ ನಮ್ಮ ಹತ್ರ ಇದೆ ಮೇಡಂ. ಈ ಹೆಂಗಸು ಮೋಸಗಾರ್ತಿ, ಕಳ್ಳಿ ಅಂತ ಫೋಟೋ ಸಮೇತ ಎಲ್ಲರಿಗೂ ಕಳಿಸ್ತೀವಿ. ಆಮೇಲೆ ಯಾರು ನಿಮ್ಮ ಕೈಗೆ ಮನೆ ಕೀ ಕೊಡ್ತಾರೆ? ಅರ್ಥ ಆಯ್ತಾ?"

ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು. ಬೇರೆ ಯಾವ ಕಸುಬಿನವರನ್ನು ಕಳ್ಳ ಎಂದರೂ ನಾಲ್ಕು ದಿನ ಗುಸುಗುಸು ಎದ್ದು ತಣ್ಣಗಾಗುತ್ತದೆ. ಬೀಗದವಳನ್ನು ಕಳ್ಳಿ ಎಂದರೆ ಅಲ್ಲಿಗೆ ಮುಗಿಯಿತು. ಊರಿನ ಅರ್ಧ ಬಾಗಿಲುಗಳ ಒಳಗುಟ್ಟು ಅವಳ ಬೆರಳ ತುದಿಯಲ್ಲಿತ್ತು. ಆ ಬೆರಳನ್ನು ಜನ ನಂಬಿದ್ದರಿಂದಲೇ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಅವಳು ಹೆದರಿದಳು. ಆ ಹೆದರಿಕೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಫೋನ್ ನಡುಗಿದರೆ ಅವಳ ಕೈ ನಡುಗುತ್ತಿತ್ತು, ಕೈ ನಡುಗಿದರೆ ಕೀಯ ಹಲ್ಲು ಕೆಡುತ್ತಿತ್ತು. ಬರುವ ಹೊಲಸು ಮೆಸೇಜುಗಳನ್ನೆಲ್ಲ ಅವಳು ಆಗಿಂದಾಗಲೇ ಅಳಿಸಿಬಿಡುತ್ತಿದ್ದಳು. ಅತ್ತೆಗೆ ಈಗ ಕಣ್ಣು ಕಾಣುತ್ತದೆ, ಆ ಕಣ್ಣಿಂದ ಮೊದಲು ಓದುವುದು ಇದನ್ನೇ ಆಗದಿರಲಿ ಎಂದು.

ಆದರೆ ಕಂಪನಿಯವರು ಅತ್ತೆಯನ್ನೂ ಬಿಡಲಿಲ್ಲ. ಒಂದು ಮಧ್ಯಾಹ್ನ ಅತ್ತೆಯ ಫೋನಿಗೆ ಯಾವಳೋ ಒಬ್ಬಳು ಫೋನ್ ಮಾಡಿ, "ನಿಮ್ಮ ಸೊಸೆಗೆ ಲಾರಿ ಹೊಡೆದಿದೆ, ಆಸ್ಪತ್ರೆಯಿಂದ ಜನ ಬರ್ತಾರೆ, ಬಾಗಿಲು ತೆಗೆದಿಡಿ" ಎಂದಳು. ಮುದುಕಿ ಎದೆ ಬಡಿದುಕೊಂಡು ಬಾಗಿಲು ತೆಗೆದು ನಿಂತರು. ಬಂದವರು ಇಬ್ಬರು ಗಂಡಸರು. ಮನೆಯೊಳಗೆ ಚಪ್ಪಲಿಗಾಲಲ್ಲೇ ಓಡಾಡಿ, ಏನೇನು ಹೊತ್ತುಕೊಂಡು ಹೋಗಬಹುದು ಎಂದು ನೋಡಿ, ಮುದುಕಿಗೆ ಏನೋ ಅಂದು ಹೋದರು. ಏನಂದರು ಎಂದು ಸೊಸೆ ಎಷ್ಟು ಕೇಳಿದರೂ ಅತ್ತೆ ಬಾಯಿ ಬಿಡಲಿಲ್ಲ. ಒಂದು ಮಾತಿಗೆ ಹತ್ತು ಪೋಣಿಸುತ್ತಿದ್ದ ಬಾಯಿ ಅವತ್ತು ಕಟ್ಟಿತು. ಅಂದಿನಿಂದ ಅವರು ಒಳಗಿನಿಂದ ಬೀಗ ಹಾಕಿ, ಕೀಯನ್ನು ರಂಧ್ರದಲ್ಲೇ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅತ್ತೆಯ ಬೈಗುಳಕ್ಕಾಗಿ ಸೊಸೆ ಹಂಬಲಿಸುವ ಕಾಲವೂ ಬಂತಲ್ಲ ಎನ್ನಿಸಿತು ಅವಳಿಗೆ.

ಹೀಗಿರುವಾಗ ಒಂದು ಬೆಳಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಹೊಸ ನಂಬರು. ಎತ್ತಿದಳು. ಒರಟು ಧ್ವನಿಯ ಗಂಡಸು. "ಬೀಗದವರಾ? ಒಂದು ಮನೆ ಬೀಗ ತೆಗೀಬೇಕು. ಮನೆಯವರು ಖಾಲಿ ಮಾಡ್ಕೊಂಡು ಹೋಗಿದ್ದಾರೆ. ಬೇಗ ಬನ್ನಿ."

ಗಿರಾಕಿ! ಅವಳಿಗೆ ಹೋದ ಜೀವ ಬಂದಂತಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹೇಳಿದ ವಿಳಾಸ ಬಸ್ ನಿಲ್ದಾಣದ ಹಿಂದಿನ ನಾಲ್ಕಂತಸ್ತಿನ ವಸತಿ ಕಟ್ಟಡ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ತಿರುವುಗಳಲ್ಲಿ ಮಕ್ಕಳ ಸೈಕಲ್ಲು, ಒಣಗದ ಬಟ್ಟೆಯ ವಾಸನೆ. ಮೇಲಿನ ಅಂತಸ್ತಿನ ಕೊನೆಯ ಬಾಗಿಲ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ದಪ್ಪಗೆ, ಫೋನ್ ಮಾಡಿದವನು. ಇನ್ನೊಬ್ಬ ಸಣ್ಣ ಮೈಯವನು, ಇಸ್ತ್ರಿ ಷರ್ಟು ಹಾಕಿ, ಎಣ್ಣೆ ಹಚ್ಚಿ ನೀಟಾಗಿ ತಲೆ ಬಾಚಿದ್ದ.

"ಮನೆಯವರು ಯಾರು?" ಎಂದಳು, ರೂಢಿಯಂತೆ.

"ಓಡಿಹೋಗಿದ್ದಾರೆ ಮೇಡಂ" ಎಂದ ಸಣ್ಣ ಮೈಯವನು. "ನಾವು ಕಂಪನಿ ಕಡೆಯವರು. ನೀವು ತೆಗೀರಿ, ಕೂಲಿ ತಗೊಳ್ಳಿ, ಹೋಗಿ. ಅರ್ಥ ಆಯ್ತಾ?"

ಫೋನಿನ ಅದೇ ಧ್ವನಿ, ಅರ್ಥಾಯ್ತಾ ಮಹಾಶಯ. ಅವಳು ಗೋಡೆ ಹಿಡಿದಳು. ಇಷ್ಟು ದಿನ ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದುದು ಆಳೆತ್ತರದ ಮೀಸೆಯವನನ್ನು. ಇವನನ್ನು ದಾರಿಯಲ್ಲಿ ಕಂಡಿದ್ದರೆ ಶಾಲೆಯ ಮೇಷ್ಟರೋ ಏನೋ ಎಂದು ದಾರಿ ಬಿಡುತ್ತಿದ್ದಳು. ಅವನಿಗೆ ಇವಳ ಗುರುತು ಹತ್ತಲಿಲ್ಲ. ಸೆರಗು ತಲೆಗೆ ಎಳೆದುಕೊಂಡು, ಮುಖ ತೋರಿಸದಿದ್ದರೆ ಸಾಕೆಂದು ಮಂಡಿಯೂರಿ ಬೀಗದ ಮುಂದೆ ಕೂತಳು. ಆ ಕ್ಷಣದಲ್ಲಿ ಅವಳಿಗಿದ್ದ ಯೋಚನೆ ಒಂದೇ. ಬೇಗ ತೆಗೆದು ಬೇಗ ಓಡಬೇಕು. ಗಂಡನ ಮಾತಂತೂ ನೆನಪಿಗೇ ಬರಲಿಲ್ಲ. ಹೆದರಿದವಳಿಗೆ ನೆನಪು ಎಲ್ಲಿಂದ ಬರಬೇಕು?

ಕಂಬಿ ಹಾಕುವ ಮುನ್ನ ರಂಧ್ರಕ್ಕೆ ಕಣ್ಣಿಟ್ಟಳು. ಆಚೆ ಬದಿಯ ಬೆಳಕು ಕಾಣಬೇಕಿತ್ತು, ಕಾಣಲಿಲ್ಲ. ಕಂಬಿಯ ತುದಿಯಿಂದ ಮೆಲ್ಲಗೆ ಮುಟ್ಟಿದಳು. ಲೋಹಕ್ಕೆ ಲೋಹ ತಾಗಿತು. ಆಚೆಯಿಂದ ಕೀ ಚುಚ್ಚಿಟ್ಟಿತ್ತು.

ಹೊರಗಿನಿಂದ ಬೀಗ ಹಾಕಿ ಓಡಿಹೋದವರು ಒಳಗಿನಿಂದ ಕೀ ಚುಚ್ಚಿಡುವುದಿಲ್ಲ. ಒಳಗೆ ಯಾರೋ ಇದ್ದರು. ಮೈಯೆಲ್ಲ ಕಿವಿಯಾಗಿ ಆಲಿಸಿದಾಗ ಆಚೆ ಕಡೆ, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ, ಉಸಿರು ಬಿಗಿಹಿಡಿದ ಸದ್ದು ಕೇಳಿಸಿತು. ಅದರ ಹಿಂದೆಯೇ ಪುಟ್ಟ ಮಗುವೊಂದು ಏನೋ ಅನ್ನಲು ಹೋಗಿ, ಹೆಂಗಸೊಬ್ಬಳು "ಶ್" ಎಂದು ಅದರ ಬಾಯಿ ಮುಚ್ಚಿದ ಸದ್ದು.

ಅವಳಿಗೆ ಅತ್ತೆ ಕಣ್ಣ ಮುಂದೆ ಬಂದರು, ಬಾಗಿಲಿಗೆ ಬೆನ್ನು ಕೊಟ್ಟು ಕೂತ ಅತ್ತೆ.

"ಇದು ತೆಗಿಯೋಕೆ ಆಗಲ್ಲ. ಒಳಗೆ ತುಕ್ಕು ಹಿಡಿದಿದೆ" ಎಂದಳು. ಸುಳ್ಳು, ಅದೂ ನಡುಗುವ ಸುಳ್ಳು.

"ಹಾಗಾದ್ರೆ ಒಡೀರಿ" ಎಂದ ದಪ್ಪನೆಯವನು.

ಸಣ್ಣ ಮೈಯವನು ಮಾತ್ರ ತಲೆ ಓರೆ ಮಾಡಿ ಅವಳನ್ನೇ ನೋಡುತ್ತಿದ್ದ. "ಈ ಧ್ವನಿ ಎಲ್ಲೋ ಕೇಳಿದ್ದೀನಲ್ಲ" ಎಂದ. ತನ್ನ ಫೋನ್ ತೆಗೆದು ಬೆರಳಾಡಿಸಿದ. ನಿಧಾನವಾಗಿ ನಕ್ಕ. "ಓಹೋ. ಬೀಗದ ಅಂಗಡಿ. ಅತ್ತೆ ಕಣ್ಣಿನ ಸಾಲ. ಮೇಡಂ, ನೀವೇನಾ! ನೋಡಿ, ಒಳ್ಳೇದೇ ಆಯ್ತು. ಈ ಬಾಗಿಲು ತೆಗೆದುಕೊಡಿ, ಒಂದು ತಿಂಗಳು ನಿಮ್ಮ ತಂಟೆಗೆ ಬರಲ್ಲ. ಇಲ್ಲಾಂದ್ರೆ ಇಲ್ಲೇ ನಿಂತು ಒಂದು ಬಟನ್ ಒತ್ತುತೀನಿ, ಊರಿಗೆಲ್ಲ ಹೋಗುತ್ತೆ. ಅರ್ಥ ಆಯ್ತಾ?"

ಒಂದು ತಿಂಗಳು ಫೋನ್ ಇಲ್ಲದೆ! ಹೊಟ್ಟೆ ತುಂಬ ಉಣ್ಣಬಹುದು, ಕಣ್ತುಂಬ ನಿದ್ದೆ ಮಾಡಬಹುದು. ಸುಳ್ಳೇಕೆ ಹೇಳಲಿ, ಅವಳ ಕೈ ಕಂಬಿಯ ಕಡೆಗೆ ಹೋಯಿತು. ಒಳಗಿನ ಕೀಯನ್ನು ಹಿಂದಕ್ಕೆ ತಳ್ಳಿ ಬೀಳಿಸುವುದು ಅವಳಿಗೆ ಚಿಟಿಕೆ ಹೊಡೆದಷ್ಟು ಸುಲಭ. ಕಂಬಿ ಕೀಗೆ ತಾಗಿತು. ಆಚೆಯವಳು ಹೆದರಿ ಕೀಯ ತಲೆಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಆ ಬೆರಳುಗಳ ನಡುಕ ಕೀಯಿಂದ ಕಂಬಿಗೆ, ಕಂಬಿಯಿಂದ ಇವಳ ಕೈಗೆ ಹರಿದು ಬಂತು. ತನ್ನ ನಡುಕ ಯಾವುದು, ಅವಳದು ಯಾವುದು ಎಂದೇ ಗೊತ್ತಾಗದಂಥ ನಡುಕ.

ಅವಳು ಕಂಬಿ ಎಳೆದುಕೊಂಡಳು. ರಂಧ್ರಕ್ಕೆ ಬಾಯಿಟ್ಟು, ಇಷ್ಟು ವರ್ಷದ ಕಸುಬಿನಲ್ಲಿ ಎಂದೂ ಆಡದ ಮಾತು ಆಡಿದಳು. "ತೆಗೀಬೇಡಮ್ಮಾ."

ಎದ್ದವಳೇ ಎದುರು ಮನೆಯ ಬೆಲ್ ಒತ್ತಿದಳು. ಪಕ್ಕದ ಮನೆಯ ಬೆಲ್ಲನ್ನೂ ಒತ್ತಿದಳು. ಧೈರ್ಯ ಬಂದಿತ್ತೆಂದು ತಿಳಿಯಬೇಡಿ. ಗಂಡನ ಕಟ್ಟಪ್ಪಣೆಯ ಅರ್ಧ ಭಾಗ ಅಷ್ಟೇ ನೆನಪಾಗಿತ್ತು. ಅಕ್ಕಪಕ್ಕದವರನ್ನು ನಿಲ್ಲಿಸಿಕೋ.

ಎದುರು ಮನೆಯಿಂದ ಬನಿಯನ್ನಿನಲ್ಲಿದ್ದ ಮುದುಕರೊಬ್ಬರು, ಪಕ್ಕದ ಮನೆಯಿಂದ ಹಿಟ್ಟಿನ ಕೈಯ ಹೆಂಗಸೊಬ್ಬರು ಹೊರಬಂದರು. ಬಾಗಿಲ ಸಂದಿಯಿಂದ ಇಷ್ಟು ಹೊತ್ತೂ ಕೇಳಿಸಿಕೊಂಡಿದ್ದವರೇ. "ನಾನು ಬೀಗದವಳು" ಎಂದಳು. "ಇವರು ಈ ಬಾಗಿಲು ತೆಗಿಸ್ತಿದ್ದಾರೆ. ಮನೆಯವರು ಒಳಗೇ ಇದ್ದಾರೆ. ಕೋರ್ಟಿನ ಕಾಗದ ಇದೆಯಾ ಅಂತ ನಿಮ್ಮ ಮುಂದೆ ಕೇಳ್ತಿದ್ದೀನಿ."

"ಇವಳ ಮಾತು ಕೇಳ್ಬೇಡಿ" ಎಂದ ಸಣ್ಣ ಮೈಯವನು. ನಯ ಎಲ್ಲೋ ಜಾರಿಹೋಗಿತ್ತು. "ಇವಳೂ ಸಾಲ ತಿಂದು ಕೂತವಳೇ. ಕಳ್ಳಿ!"

ಇದನ್ನೇ ಅಲ್ಲವೇ ಅವಳು ದಿನವೂ ಹೆದರಿಕೊಂಡು ಕಾಯುತ್ತಿದ್ದುದು? ಅದು ಆಗಿಹೋಯಿತು, ಗುರುತಿಲ್ಲದ ಜನರ ಮುಂದೆ, ಗಟ್ಟಿ ಧ್ವನಿಯಲ್ಲಿ. "ಸಾಲ ಇದೆ. ಕಂತು ತಪ್ಪಿದೆ, ಕಟ್ಟುತೀನಿ. ಕದ್ದಿಲ್ಲ" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ಕಣ್ಣೊರೆಸಿಕೊಂಡ ಕೈಯಲ್ಲೇ ಅಮೀನರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಹಿಡಿದಳು.

ಅಮೀನರು ಎಂದರೆ ಕೋರ್ಟಿನ ಆದೇಶ ಜಾರಿ ಮಾಡುವ ವಯಸ್ಸಾದ ಮನುಷ್ಯ. ಗಂಡನ ಕಾಲದಿಂದ ಬೀಗ ತೆಗೆಸಲು ಈ ಅಂಗಡಿಗೇ ಹೇಳಿಕಳಿಸುತ್ತಿದ್ದವರು. ವಿಳಾಸ ಕೇಳಿ ಅವರು ತಮ್ಮ ಪುಸ್ತಕ ತಿರುವಿದ ಸದ್ದು ಕೇಳಿಸಿತು. "ಆ ಮನೆ ಮೇಲೆ ನನ್ನ ಹತ್ರ ಯಾವ ಆದೇಶವೂ ಇಲ್ಲಮ್ಮ. ಆದೇಶ ಇದ್ರೆ ನಾನೇ ಬರ್ತಿದ್ದೆ, ಕಂಪನಿಯವರಲ್ಲ. ಕಾಗದ ಇಲ್ಲದೆ ಬಾಗಿಲು ಮುಟ್ಟಿದ್ರೆ ಅದಕ್ಕೆ ಮನೆಗೆ ನುಗ್ಗೋದು ಅಂತಾರೆ. ಅಲ್ಲಿ ಯಾರಿದ್ದಾರೆ? ಗುರುತಿನ ಚೀಟಿ ತೋರಿಸೋಕೆ ಹೇಳು. ಹೆಸರು ಕೇಳು."

ಮುದುಕರು ಕನ್ನಡಕ ಏರಿಸಿಕೊಂಡು, "ಹೂಂ, ತೋರಿಸ್ರಪ್ಪ" ಎಂದು ಕೈ ಚಾಚಿದರು. ದಪ್ಪನೆಯವನು ಆಗಲೇ ಮೆಟ್ಟಿಲ ಹತ್ತಿರವಿದ್ದ. ಸಣ್ಣ ಮೈಯವನು ಹೋಗುತ್ತ ಫೋನ್ ಎತ್ತಿ ತೋರಿಸಿದ. "ಸಂಜೆಯೊಳಗೆ ನೋಡ್ಕೊಳ್ಳಿ ಮೇಡಂ."

ಅವಳು ತನ್ನ ಅಂಗಡಿಯ ಕಾರ್ಡನ್ನು ಬಾಗಿಲ ಕೆಳಗಿನಿಂದ ಒಳಕ್ಕೆ ತಳ್ಳಿದಳು. ಬಾಗಿಲು ತೆರೆಯಲಿಲ್ಲ. ಅವಳೂ ತಟ್ಟಲಿಲ್ಲ.

ಮೆಟ್ಟಿಲಿಳಿಯುತ್ತ, ಇನ್ನೂ ಫೋನಿನಲ್ಲಿದ್ದ ಅಮೀನರಿಗೆ ಅವಳು ತನ್ನ ಮನೆಗೆ ನುಗ್ಗಿದ ಇಬ್ಬರ ವಿಷಯವನ್ನೂ ಹೇಳಿದಳು. "ನಿನಗೂ ಹೀಗೇ ಮಾಡ್ತಿದ್ರಾ? ನನಗೆ ಯಾಕೆ ಹೇಳಲಿಲ್ಲ? ಸಾಲ ವಾಪಸ್ ಕೇಳೋದು ಅವರ ಹಕ್ಕು. ಬೈಯೋದು, ಹೆದರಿಸೋದು, ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡೋದು, ನಿನ್ನ ಸಾಲದ ಮಾತು ಊರವರ ಹತ್ರ ಆಡೋದು, ಇದ್ಯಾವುದೂ ಅವರ ಹಕ್ಕಲ್ಲ. ನಾಳೆ ಬಾ, ಪೊಲೀಸಿಗೂ ಗ್ರಾಹಕರ ಕೋರ್ಟಿಗೂ ದೂರು ಕೊಡಿಸ್ತೀನಿ. ಬಂದ ಮೆಸೇಜೆಲ್ಲ ಇಟ್ಟಿದ್ದೀಯಾ?"

"ಅಳಿಸಿಬಿಟ್ಟೆ ಸಾರ್."

"ಎಲ್ಲಾನೂ?"

"ನಾಚಿಕೆ ಆಗ್ತಿತ್ತು ಸಾರ್."

"ಆಯ್ತು. ಮನೆಗೆ ನುಗ್ಗಿದ ದಿನ ಅವರ ಮಾತು ಕಿವಿಯಾರೆ ಕೇಳಿದವರು ಯಾರಾದ್ರೂ ಇದ್ದಾರಾ?"

ಅವಳು ನಡುಮೆಟ್ಟಿಲಲ್ಲಿ ನಿಂತುಬಿಟ್ಟಳು. ಇದ್ದರು. ಒಂದು ಸಲ ಕೇಳಿದ್ದನ್ನು ಜನ್ಮದಲ್ಲಿ ಮರೆಯದವರು ಮನೆಯಲ್ಲೇ ಇದ್ದರು, ಬಾಯಿ ಕಟ್ಟಿಕೊಂಡು.

ಸಂಜೆಯ ತನಕ ಕಾಯುವುದೂ ಬೇಕಾಗಲಿಲ್ಲ. ಮಧ್ಯಾಹ್ನಕ್ಕೇ ಅಂಗಡಿ ಎದುರಿನ ಔಷಧಿ ಅಂಗಡಿಯವನು ಬಂದು ತನ್ನ ಫೋನ್ ತೋರಿಸಿದ. ಅವಳ ಫೋಟೋ, ಕೆಳಗೆ ಆ ಪದ. ಸ್ವಲ್ಪ ಹೊತ್ತಿಗೆ ಹಾಸ್ಟೆಲಿನ ವಾರ್ಡನ್ ಫೋನ್ ಮಾಡಿ, ಬಾಗಿಲುಗಳಿಗೆ ಹೊಸ ಬೀಗ ಹಾಕುವ ಕೆಲಸ ಸದ್ಯಕ್ಕೆ ಬೇಡ ಎಂದರು. ಕತ್ತಲಾಗುವ ಮೊದಲೇ ಅಂಗಡಿಯ ಬಾಗಿಲೆಳೆದುಕೊಂಡು ಮನೆಗೆ ನಡೆದಳು. ಎದುರು ಬಂದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಮನೆಯ ಬಾಗಿಲಿಗೆ ತನ್ನ ಕೀ ಹಾಕಿದಳು. ಹೋಗಲಿಲ್ಲ. ಆಚೆಯಿಂದ ಕೀ ಚುಚ್ಚಿತ್ತು. "ಅತ್ತೆ, ನಾನು."

ಒಳಗೆ ದೀಪ ಉರಿಯುತ್ತಿರಲಿಲ್ಲ.

"ಅತ್ತೆ, ನಾನೇ. ತೆಗೀರಿ."

ಅವಳು ಬಗ್ಗಿದಳು. ಬೆಳಗ್ಗೆ ಬೇರೆಯವರ ಬಾಗಿಲಿಗೆ ಬಗ್ಗಿದ ಹಾಗೆಯೇ ತನ್ನ ಮನೆಯ ಬಾಗಿಲಿಗೆ ಬಗ್ಗಿ ಕಿವಿಯಿಟ್ಟಳು. ಒಂದು ಗೇಣು ದೂರದಲ್ಲಿ ಬಿಗಿಹಿಡಿದ ಉಸಿರು. ಒಂದು ಕಾಲದಲ್ಲಿ ಓಣಿಯ ಗಂಡಸರನ್ನೆಲ್ಲ ಒಂದೇ ಗದರಿಕೆಗೆ ಮನೆ ಸೇರಿಸುತ್ತಿದ್ದ ಹೆಂಗಸು, ಸ್ವಂತ ಸೊಸೆಯ ದನಿಗೆ ಹೆದರಿ ಕತ್ತಲಲ್ಲಿ ನಿಂತಿದ್ದರು. ಬೀಗದಕ್ಕನಿಗೆ ಅಳು ಒತ್ತರಿಸಿ ಬಂತು.

"ಗೊಂಚಲು ಅಲ್ಲಾಡ್ಸು" ಎಂದಿತು ಒಳಗಿನಿಂದ ಪಿಸುದನಿ.

ಅವಳು ಗಂಡನ ಕೀ ಗೊಂಚಲನ್ನು ಚೀಲದಿಂದ ತೆಗೆದು ಅಲ್ಲಾಡಿಸಿದಳು. ಮಗ ಮನೆಗೆ ಬರುವಾಗ ಓಣಿಯ ತುದಿಯಿಂದಲೇ ಅತ್ತೆಗೆ ಕೇಳಿಸುತ್ತಿದ್ದ ಸದ್ದು ಅದು. ಕೀ ತಿರುಗಿತು. ಅತ್ತೆ ಎರಡೂ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನಿಂತಿದ್ದರು. ಅದರ ವಯರು ನೆಲದ ಮೇಲೆ ಎಳೆದಾಡುತ್ತಿತ್ತು.

ದೀಪ ಹಾಕಿ, ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಅಳಿಸಿದ ಮೆಸೇಜಿನ ವಿಷಯವನ್ನೂ ಹೇಳಿದಳು. ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳಿಸಿಕೊಂಡರು. ಕೊನೆಗೆ, "ನಾಳೆ ನನ್ನನ್ನೂ ಕರ್ಕೊಂಡು ಹೋಗು. ಅವತ್ತು ಅವರು ಅಂದಿದ್ದೆಲ್ಲ ನನಗೆ ಬಾಯಿಪಾಠ ಇದೆ" ಎಂದರು.

"ಎಲ್ಲರ ಮುಂದೆ ಆ ಮಾತು ಹೇಳ್ಬೇಕಾಗುತ್ತೆ ಅತ್ತೆ."

"ಅಂದವನಿಗೆ ಇಲ್ಲದ ನಾಚಿಕೆ ಕೇಳಿದೋಳಿಗೆ ಯಾಕೆ?" ಎಂದರು ಅತ್ತೆ. ಇಸ್ತ್ರಿಪೆಟ್ಟಿಗೆಯ ಹಿಡಿಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಆಗ ಫೋನ್ ಬಡಿದುಕೊಂಡಿತು. ಹೊಸ ನಂಬರು. ಇಬ್ಬರೂ ಅದನ್ನೇ ನೋಡಿದರು. ಹೊರಗೆ ಪೂರ್ತಿ ಕತ್ತಲಾಗಿತ್ತು.

"ಎತ್ತು" ಎಂದರು ಅತ್ತೆ.

ಎತ್ತಿದಳು. ಅತ್ತೆಗೂ ಕೇಳಿಸುವಂತೆ ಹಿಡಿದಳು. ಆ ಕಡೆ ಬರೀ ಉಸಿರು. ಬೆಳಗ್ಗೆ ಕೇಳಿದ ಉಸಿರು.

"ಅಕ್ಕಾ" ಎಂದಿತು ಸಣ್ಣ ದನಿ. "ಬೆಳಗ್ಗೆ ಬಾಗಿಲ ಆಚೆ ಇದ್ದೋರು ನೀವೇನಾ?"

"ಹೂಂನಮ್ಮ, ನಾನೇ."

"ಅವರು ಮತ್ತೆ ಬಂದಿದ್ದಾರೆ ಅಕ್ಕಾ. ಬೇರೆ ಬೀಗದವನನ್ನ ಕರ್ಕೊಂಡು ಬಂದಿದ್ದಾರೆ. ಮೆಟ್ಟಿಲಲ್ಲಿ ಸದ್ದು ಕೇಳಿಸ್ತಿದೆ."

ಒಂದು ಗಳಿಗೆ ಬೀಗದಕ್ಕನಿಗೆ ಫೋನ್ ಇಟ್ಟುಬಿಡೋಣ ಅನ್ನಿಸಿತು. ತಲೆಯೆತ್ತಿ ನೋಡಿದರೆ ಅತ್ತೆ ಆಗಲೇ ತಮ್ಮ ಫೋನಿನಲ್ಲಿ ಪೊಲೀಸರ ನಂಬರು ಒತ್ತುತ್ತಿದ್ದರು, ಹೊಸ ಕಣ್ಣುಗಳನ್ನು ಕಿರಿದು ಮಾಡಿ, ಒಂದೊಂದೇ ಅಂಕಿ ಹುಡುಕಿ. ಜೊತೆಗೇ ಕಾಲಲ್ಲಿ ಚಪ್ಪಲಿ ಎಳೆದುಕೊಳ್ಳುತ್ತಿದ್ದರು.

"ಎದುರು ಮನೆಯವರಿಗೆ ಫೋನ್ ಮಾಡಮ್ಮ, ಎಲ್ಲರೂ ಬಾಗಿಲು ತೆಗೆದು ಹೊರಗೆ ಬರ್ಲಿ" ಎಂದಳು ಬೀಗದಕ್ಕ, ಗೊಂಚಲು ಎತ್ತಿಕೊಳ್ಳುತ್ತ. "ನೀನು ಮಾತ್ರ ಕೀ ಬಿಡ್ಬೇಡ, ಗಟ್ಟಿಯಾಗಿ ಹಿಡ್ಕೋ. ನಾವಿಬ್ರೂ ಬರ್ತಿದ್ದೀವಿ."